ಇನ್ನೊಮ್ಮೆ ಹೇಳಿ ಸ್ವಾಮಿ

ನಮ್ಮ ಬೀದಿಯ ಕೊನೆಮನೆಯ ನಿವೃತ್ತ ಮೇಷ್ಟ್ರಿಗೆ ವಿಮಾನವೆಂದರೆ ತೀರದ ಕುತೂಹಲ. ಮಗಳ ಸಂಸಾರ ದೂರದೂರಿನಲ್ಲಿ ಇರುವುದರಿಂದ ಆಗಾಗ ದೇವನಹಳ್ಳಿಯ ಕಡೆ ಹೋಗಿ ಬರುತ್ತಿರುತ್ತಾರೆ. ಮೊನ್ನೆ ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಅದೂ ಇದೂ ಮಾತಾಡುವಾಗ ಕೇಳಿದರು: "ಅಲ್ಲ ಸ್ವಾಮಿ, ನಾವೆಲ್ಲ ವಿಮಾನ ಹತ್ತಿ, ತಲೆಮೇಲಿನ ಗೂಡಿಗೆ ಬ್ಯಾಗು ತುರುಕ್ತಾ ಇರ್ತೀವಲ್ಲ, ಆ ಹೊತ್ತಿನಲ್ಲಿ ಮುಂದೆ ಕೂತಿರೋ ಪೈಲಟ್ಟುಗಳು ಏನು ಮಾಡ್ತಿರ್ತಾರೆ?"

ಒಳ್ಳೆಯ ಪ್ರಶ್ನೆ. ನನಗೂ ಈ ವಿಷಯದ ಹುಚ್ಚು ಹಿಡಿದು ಬಹಳ ಕಾಲವಾಯಿತು. ವಿಮಾನ ಅಪಘಾತದ ತನಿಖಾ ವರದಿಯೊಂದು ಕೈಗೆ ಸಿಕ್ಕಿದರೆ ಊಟದ ಹೊತ್ತು ಮೀರಿದರೂ ಏಳುವವನಲ್ಲ. ಹಾಗಾಗಿ ಮೇಷ್ಟ್ರಿಗೆ ಕೊಟ್ಟ ಉತ್ತರ ಉದ್ದವಾಯಿತು, ಬೀದಿದೀಪ ಹತ್ತಿಕೊಂಡಿತು. ಅದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಹೇಳುತ್ತೇನೆ.

ಆ ಹೊತ್ತಿನಲ್ಲಿ ಪೈಲಟ್ಟುಗಳು ಮಾಡುವ ಹತ್ತಾರು ಕೆಲಸಗಳಲ್ಲಿ ಒಂದು, ದಾರಿ ಕೇಳುವುದು. ಯಾವ ದಾರಿಯಲ್ಲಿ ಹೋಗುತ್ತೇವೆ ಎಂದು ವಿಮಾನ ಕಂಪನಿ ಮೊದಲೇ ಬರೆದು ಕಳಿಸಿರುತ್ತದೆ, ನಿಜ. ಆದರೆ ಕೇಳಿದ ದಾರಿಯೇ ಸಿಗಬೇಕೆಂದಿಲ್ಲ. ಮುಂದೆ ಮೋಡ ಕವಿದಿರಬಹುದು, ಇನ್ನೊಂದು ವಿಮಾನ ಅದೇ ಎತ್ತರ ಹಿಡಿದಿರಬಹುದು, ವಾಯುಪಡೆಯವರು ಆ ಭಾಗವನ್ನು ತಮಗೆ ಬೇಕೆಂದಿರಬಹುದು. ಆದ್ದರಿಂದ ಹೊರಡುವ ಮೊದಲು ವಾಯು ಸಂಚಾರ ನಿಯಂತ್ರಣದವರಿಂದ, ಅಂದರೆ ಎಟಿಸಿಯಿಂದ, ರೂಟ್ ಕ್ಲಿಯರೆನ್ಸ್ ಪಡೆಯಬೇಕು. ದೊಡ್ಡ ನಿಲ್ದಾಣಗಳಲ್ಲಿ ಈ ಕೆಲಸಕ್ಕೆಂದೇ 'ಡೆಲಿವರಿ' ಎಂದು ಕರೆಯುವ ಪ್ರತ್ಯೇಕ ಮೇಜು ಇರುತ್ತದೆ. ಅಲ್ಲಿಂದ ಬರುವ ಮಾತು ಚಿಕ್ಕದು, ಆದರೆ ಬಹಳ ಗಟ್ಟಿಯಾದದ್ದು: ನೀನು ಇಂಥ ಊರಿಗೆ ಹೋಗಬಹುದು, ರನ್‌ವೇಯಿಂದ ಎದ್ದ ಮೇಲೆ ಇಂಥ ಹೆಸರಿನ ದಾರಿ ಹಿಡಿ, ಮೊದಲು ಇಷ್ಟು ಎತ್ತರಕ್ಕೆ ಮಾತ್ರ ಏರು, ರೇಡಾರಿನಲ್ಲಿ ನಿನ್ನ ಗುರುತಿಗೆ ಈ ನಾಲ್ಕಂಕಿಯ ಸಂಖ್ಯೆ. ಪೈಲಟ್ ಅದನ್ನು ಕಾಗದದ ಮೇಲೆ ತನ್ನದೇ ಸಂಕೇತಗಳಲ್ಲಿ ಗೀಚಿಕೊಳ್ಳುತ್ತಾನೆ, ಗೀಚಿದ್ದನ್ನು ತಿರುಗಿ ಓದಿ ಹೇಳುತ್ತಾನೆ. ಕಂಟ್ರೋಲರ್ ಕಿವಿಗೊಟ್ಟು ಕೇಳಿ, ಸರಿಯಿದ್ದರೆ ಸರಿ ಅನ್ನುತ್ತಾನೆ, ತಪ್ಪಿದ್ದರೆ ತಿದ್ದುತ್ತಾನೆ. ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ.

ಒಂದು ಮಾತನ್ನು ಇಲ್ಲೇ ಗಟ್ಟಿಮಾಡಿಕೊಳ್ಳಬೇಕು. ಈ ಕ್ಲಿಯರೆನ್ಸು ಎದ್ದ ಮೇಲೆ ಹೇಗೆ ಹೋಗಬೇಕು ಎಂದು ಹೇಳುತ್ತದೆಯೇ ಹೊರತು, ಏಳು ಎಂದು ಹೇಳುವುದಿಲ್ಲ. ಹಾರುವುದಕ್ಕೆ ಬೇರೆಯೇ ಅಪ್ಪಣೆ ಬೇಕು, ಅದು ಬೇರೆ ಹೊತ್ತಿನಲ್ಲಿ, ಸಾಮಾನ್ಯವಾಗಿ ಬೇರೆ ಕಂಟ್ರೋಲರನಿಂದ ಬರುತ್ತದೆ. ಈ ಎರಡು ಅಪ್ಪಣೆಗಳ ನಡುವಿನ ಗೆರೆ ಒಂದು ಸಂಜೆ ಅಳಿಸಿಹೋಗಿದ್ದರಿಂದ 583 ಜನ ಪ್ರಾಣ ಕಳೆದುಕೊಂಡರು. ಆ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು ಹೆಸರು, ಅಂಕಿಗಳ ಬಗ್ಗೆ ಎರಡು ಮಾತು.

ಆಕಾಶದಲ್ಲಿ ಮೈಲಿಗಲ್ಲಿಲ್ಲ. ಆದರೆ ನಕ್ಷೆಯ ಮೇಲೆ ಸಾವಿರಾರು ಬಿಂದುಗಳಿವೆ, ಒಂದೊಂದಕ್ಕೂ ಐದು ಇಂಗ್ಲಿಷ್ ಅಕ್ಷರಗಳ ಹೆಸರಿದೆ. ಬಾಯಲ್ಲಿ ಹೇಳಲು ಬರಬೇಕು, ಕಿವಿಗೆ ಬಿಡಿಯಾಗಿ ಕೇಳಿಸಬೇಕು ಎನ್ನುವುದೇ ನಿಯಮ, ಅರ್ಥ ಇರಲೇಬೇಕೆಂದಿಲ್ಲ. ಸುಟ್ಟ ಮಾಂಸದ ಅಡುಗೆಗೆ ಹೆಸರಾದ ಅಮೆರಿಕದ ಕ್ಯಾನ್ಸಸ್ ಸಿಟಿಯ ಬಳಿ ಸ್ಪೈಸಿ, ಬಾರ್ಬೆಕ್ಯೂ, ಸ್ಮೋಕ್, ರಿಬ್ಸ್ ಎಂದು ಸಾಲಾಗಿ ಬಿಂದುಗಳಿವೆ. ಹೀಗೆ ನೆನಪಿನಲ್ಲಿ ಕೂರುವ ಹೆಸರು ಸಿಕ್ಕಿದರೆ ಪೈಲಟ್ಟಿನ ಪುಣ್ಯ. ಬಹುಪಾಲು ಹೆಸರುಗಳು ಹಾಗಿರುವುದಿಲ್ಲ. ಎರಡು ಬಿಂದುಗಳ ಹೆಸರು ಕೇಳುವುದಕ್ಕೆ ಒಂದೇ ಥರ ಇದ್ದರಂತೂ ಅಪರಿಚಿತ ಊರಿನಲ್ಲಿ, ಅಪರಿಚಿತ ಉಚ್ಚಾರಣೆಯಲ್ಲಿ, ಕರಕರ ಅನ್ನುವ ರೇಡಿಯೊದಲ್ಲಿ ಕೇಳಿದವನ ಪಾಡು ಕಷ್ಟ.

ಅಂಕಿಗಳ ಉಚ್ಚಾರಣೆಗೂ ನಿಯಮವಿದೆ. ಇಂಗ್ಲಿಷಿನ ಮೂರನ್ನು 'ಟ್ರೀ' ಎನ್ನಬೇಕು, ನಾಲ್ಕನ್ನು 'ಫೋವರ್', ಐದನ್ನು 'ಫೈಫ್', ಒಂಬತ್ತನ್ನು 'ನೈನರ್'. ಫೈವ್ ಮತ್ತು ನೈನ್ ಎರಡೂ ರೇಡಿಯೊದಲ್ಲಿ ಒಂದೇ ಸ್ವರವಾಗಿ ಕೇಳಿಸುವ ಅಪಾಯವಿದೆ. ಆ ಒಂದು 'ರ್' ಸೇರಿದರೆ ಬೇರೆಯಾಗುತ್ತವೆ. ಹೊಸಬರಿಗೆ ಇದು ಅತಿಯೆನಿಸಬಹುದು. ಆದರೆ 1989ರ ಫೆಬ್ರವರಿ 19ರಂದು ಕೌಲಾಲಂಪುರದ ಸುಬಾಂಗ್ ನಿಲ್ದಾಣಕ್ಕೆ ಸಿಂಗಾಪುರದಿಂದ ಬರುತ್ತಿದ್ದ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನದ ಗತಿ ನೋಡಿ. 2,400 ಅಡಿಗೆ ಇಳಿಯಿರಿ ಎನ್ನುವುದನ್ನು ಕಂಟ್ರೋಲರ್ 'ಡಿಸೆಂಡ್ ಟೂ ಫೋರ್ ಝೀರೊ ಝೀರೊ' ಎಂದರು. ಮೊದಲ 'ಟೂ' ಎರಡು ಎಂಬ ಅಂಕಿ. ಪೈಲಟ್ಟಿನ ಕಿವಿಗೆ ಅದು ಅಂಕಿಯಾಗಿ ಬೀಳಲಿಲ್ಲ. 'ನಾನೂರಕ್ಕೆ ಇಳಿಯಿರಿ' ಎಂಬಂತೆ ಕೇಳಿಸಿತು. ಸರಿ, ಫೋರ್ ಝೀರೊ ಝೀರೊ ಎಂದು ಉತ್ತರವನ್ನೂ ಕೊಟ್ಟರು. ತಪ್ಪು ಅಲ್ಲೇ ಬಯಲಾಗಿತ್ತು, ಆದರೆ ಯಾರೂ ಹಿಡಿಯಲಿಲ್ಲ. ನೆಲ ಹತ್ತಿರವಾಗುತ್ತಿದೆ ಎಂದು ಕಾಕ್‌ಪಿಟ್ಟಿನ ಯಂತ್ರ ಕೂಗಿಕೊಂಡರೂ ವಿಮಾನ ಇಳಿಯುತ್ತಲೇ ಹೋಗಿ ಗುಡ್ಡಕ್ಕೆ ಬಡಿಯಿತು. ಒಳಗಿದ್ದ ನಾಲ್ವರೂ ಸತ್ತರು. ಎರಡು ಸಾವಿರದ ನಾನೂರು ಎಂದು ಬಿಡಿಸಿ ಹೇಳುವುದೇ ನಿಯಮ. ಆ ಇಡೀ ಮಾತಿನಲ್ಲಿ 'ಸಾವಿರ' ಎಂಬ ಒಂದು ಪದ ಇದ್ದಿದ್ದರೆ ಸಾಕಿತ್ತು.

ಈಗ ಆ ಸಂಜೆಯ ಕಥೆ. 1977ರ ಮಾರ್ಚ್ 27, ಭಾನುವಾರ. ಆಫ್ರಿಕದ ಪಶ್ಚಿಮ ಕರಾವಳಿಯಾಚೆ ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳು. ಅಲ್ಲಿಯ ಲಾಸ್ ಪಾಲ್ಮಾಸ್ ನಿಲ್ದಾಣದ ಹೂವಿನ ಅಂಗಡಿಯಲ್ಲಿ ಪ್ರತ್ಯೇಕತಾವಾದಿಗಳು ಬಾಂಬು ಸಿಡಿಸಿದರು. ಇನ್ನೊಂದು ಬಾಂಬು ಇದೆಯೆಂಬ ಬೆದರಿಕೆ ಬಂದು ನಿಲ್ದಾಣ ಮುಚ್ಚಿತು. ಅಲ್ಲಿ ಇಳಿಯಬೇಕಾಗಿದ್ದ ವಿಮಾನಗಳೆಲ್ಲ ಪಕ್ಕದ ಟೆನೆರಿಫ್ ದ್ವೀಪದ ಲಾಸ್ ರೋಡೆಯೋಸ್ ಎಂಬ ಪುಟ್ಟ ನಿಲ್ದಾಣಕ್ಕೆ ಬಂದು ತುಂಬಿಕೊಂಡವು. ಇದ್ದದ್ದು ಒಂದೇ ರನ್‌ವೇ. ಅದರ ಪಕ್ಕದ ದಾರಿಯಲ್ಲೆಲ್ಲ ವಿಮಾನ ನಿಂತಿದ್ದರಿಂದ, ಹೊರಡುವವರು ರನ್‌ವೇ ಮೇಲೆಯೇ ನಡೆದು ತುದಿ ಮುಟ್ಟಿ, ತಿರುಗಿ ನಿಂತು ಏಳಬೇಕು. ನಿಲ್ದಾಣ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ. ಮೋಡವೇ ನೆಲದ ಮೇಲೆ ತೆವಳಿಕೊಂಡು ಬರುವ ಜಾಗ. ಅವತ್ತೂ ಬಂತು. ಟವರಿನಿಂದ ರನ್‌ವೇ ಕಾಣದು, ನೆಲದ ಮೇಲಿನ ವಿಮಾನ ತೋರಿಸುವ ರೇಡಾರೂ ಇರಲಿಲ್ಲ.

ಕೆಎಲ್‌ಎಂ ಸಂಸ್ಥೆಯ ಬೋಯಿಂಗ್ 747 ಮೊದಲು ತುದಿಗೆ ಹೋಗಿ ತಿರುಗಿ ನಿಂತಿತು. ಪ್ಯಾನ್ ಆಮ್ ಸಂಸ್ಥೆಯ ಇನ್ನೊಂದು 747 ಅದರ ಹಿಂದೆ, ಅದೇ ರನ್‌ವೇ ಮೇಲೆ, ಮಂಜಿನಲ್ಲಿ ಪಕ್ಕಕ್ಕೆ ಹೊರಳುವ ದಾರಿ ಹುಡುಕುತ್ತಾ ನಿಧಾನವಾಗಿ ಬರುತ್ತಿತ್ತು. ಕೆಎಲ್‌ಎಂ ಕ್ಯಾಪ್ಟನ್ ಯಾಕೋಬ್ ವೆಲ್ದ್‌ಹೌಜನ್ ವಾನ್ ಜಾಂಟನ್ ಆ ಸಂಸ್ಥೆಯ 747 ತರಬೇತುದಾರರಲ್ಲೇ ಹಿರಿಯರು. ಕಂಪನಿಯ ಜಾಹೀರಾತಿನಲ್ಲಿ ಅವರದೇ ಮುಖ. ಪಕ್ಕದಲ್ಲಿ ಕೂತಿದ್ದ ಸಹಪೈಲಟ್ಟಿಗೆ 747 ಹಾರಿಸುವ ಅರ್ಹತೆಯ ಪರೀಕ್ಷೆ ಮಾಡಿದ್ದವರೂ ಅವರೇ. ಸಿಬ್ಬಂದಿಯ ಕೆಲಸದ ಗಂಟೆಗಳು ಮುಗಿಯುತ್ತಾ ಬಂದಿದ್ದವು. ಇನ್ನು ತಡವಾದರೆ ಕಾನೂನಿನ ಪ್ರಕಾರ ಹಾರುವಂತಿಲ್ಲ, ರಾತ್ರಿ ಇಲ್ಲೇ ಕಳೆಯಬೇಕು.

ತಿರುಗಿ ನಿಂತ ಕೂಡಲೇ ಕ್ಯಾಪ್ಟನ್ ಎಂಜಿನ್ನಿನ ಬಲ ಏರಿಸಿದರು. ಸಹಪೈಲಟ್ ತಡೆದ: ಇರಿ, ನಮಗಿನ್ನೂ ಎಟಿಸಿ ಕ್ಲಿಯರೆನ್ಸ್ ಬಂದಿಲ್ಲ. ಗೊತ್ತು, ಕೇಳು ಎಂದರು ಕ್ಯಾಪ್ಟನ್. ಆತ ರೇಡಿಯೊದಲ್ಲಿ, ಟೇಕಾಫಿಗೆ ತಯಾರಿದ್ದೇವೆ, ಕ್ಲಿಯರೆನ್ಸಿಗೆ ಕಾಯುತ್ತಿದ್ದೇವೆ ಎಂದು ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಟವರಿನಿಂದ ಉತ್ತರ ಬಂತು: 'ಪಾಪಾ' ಎಂಬ ರೇಡಿಯೊ ಗುರುತಿನವರೆಗೆ ಕ್ಲಿಯರ್, 9,000 ಅಡಿಗೆ ಏರಿ, ಟೇಕಾಫ್ ಆದ ಮೇಲೆ ಬಲಕ್ಕೆ ತಿರುಗಿ, ಇಂಥ ದಿಕ್ಕು ಹಿಡಿಯಿರಿ. ಇದು ದಾರಿಯ ಅಪ್ಪಣೆ ಮಾತ್ರ. ಎಂದಿನಂತೆ ನಿಂತ ಜಾಗದಲ್ಲೇ ಸಿಕ್ಕಿದ್ದರೆ ಯಾರಿಗೂ ಗೊಂದಲವಾಗುತ್ತಿರಲಿಲ್ಲ. ಅವತ್ತು ಸಿಕ್ಕಿದ್ದು ರನ್‌ವೇ ತುದಿಯಲ್ಲಿ, ಮೂತಿ ಮುಂದೆ ಮಾಡಿ ನಿಂತು, ಕೈ ಥ್ರಾಟಲ್ಲಿನ ಮೇಲಿರುವಾಗ. ಆ ವಾಕ್ಯದಲ್ಲಿ 'ಕ್ಲಿಯರ್' ಎಂಬ ಮಾತಿತ್ತು, 'ಟೇಕಾಫ್' ಎಂಬ ಮಾತೂ ಇತ್ತು. ಬೇಗ ಹೊರಡಬೇಕೆಂದು ಮನಸ್ಸು ಹಾತೊರೆಯುತ್ತಿದ್ದಾಗ ಕಿವಿ ಅವೆರಡನ್ನೂ ಹೆಕ್ಕಿಕೊಂಡಿತು.

ಸಹಪೈಲಟ್ ಅದನ್ನು ತಿರುಗಿ ಓದಿ ಹೇಳುತ್ತಿರುವಾಗಲೇ ಕ್ಯಾಪ್ಟನ್ ಬ್ರೇಕ್ ಬಿಟ್ಟು, 'ಹೊರಟೆವು' ಎಂದು ತಮ್ಮ ಡಚ್ ಭಾಷೆಯಲ್ಲಿ ಹೇಳಿದರು. ಓದುವುದರ ಕೊನೆಗೆ ಸಹಪೈಲಟ್ ಇಂಗ್ಲಿಷಿನಲ್ಲಿ 'ವಿ ಆರ್ ನೌ ಅಟ್ ಟೇಕಾಫ್' ಎಂದು ಸೇರಿಸಿದ. ಹೊರಟಿದ್ದೇವೆ ಎಂಬುದು ಅವನ ಮನಸ್ಸಿನಲ್ಲಿದ್ದ ಅರ್ಥ. ಟೇಕಾಫಿನ ಜಾಗದಲ್ಲಿ ನಿಂತಿದ್ದೇವೆ ಎಂದು ಕಂಟ್ರೋಲರ್ ತೆಗೆದುಕೊಂಡ. ಅವನು 'ಓಕೆ' ಎಂದ. ಒಂದು ಕ್ಷಣ ಬಿಟ್ಟು, ಟೇಕಾಫಿಗೆ ಕಾಯಿರಿ, ನಾನೇ ಕರೆಯುತ್ತೇನೆ ಎಂದ. ಅದೇ ಕ್ಷಣದಲ್ಲಿ ಪ್ಯಾನ್ ಆಮ್‌ನವರು ಗಾಬರಿಯಿಂದ, ನಾವಿನ್ನೂ ರನ್‌ವೇ ಮೇಲೆಯೇ ಇದ್ದೇವೆ ಎಂದು ಕೂಗಿದರು. ಒಂದೇ ತರಂಗದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ರೇಡಿಯೊದಲ್ಲಿ ಮಾತು ಕೇಳಿಸುವುದಿಲ್ಲ, ಕೀರಲು ಸದ್ದು ಕೇಳಿಸುತ್ತದೆ. ವಿಮಾನವನ್ನು ನಿಲ್ಲಿಸಬಹುದಾಗಿದ್ದ ಎರಡು ಮಾತುಗಳೂ ಆ ಕೆಲವೇ ಸೆಕೆಂಡಿನ ಸದ್ದಿನಲ್ಲಿ ಮುಳುಗಿದವು. ಕೆಎಲ್‌ಎಂ ಕಾಕ್‌ಪಿಟ್ಟಿಗೆ ಸ್ಪಷ್ಟವಾಗಿ ಮುಟ್ಟಿದ್ದು ಆ 'ಓಕೆ' ಒಂದೇ.

ಇಷ್ಟಾದರೂ ಇನ್ನೊಂದು ಅವಕಾಶವಿತ್ತು. ರನ್‌ವೇ ಬಿಟ್ಟ ಕೂಡಲೇ ತಿಳಿಸಿ ಎಂದು ಟವರು ಪ್ಯಾನ್ ಆಮ್‌ಗೆ ಹೇಳಿದ್ದು, ತಿಳಿಸುತ್ತೇವೆ ಎಂದು ಅವರು ಉತ್ತರಿಸಿದ್ದು ಕೆಎಲ್‌ಎಂ ವಿಮಾನದಲ್ಲಿ ಕೇಳಿಸಿತು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರನಿಗೆ ಅನುಮಾನ ಬಂತು. ಆ ಪ್ಯಾನ್ ಅಮೆರಿಕನ್ ಇನ್ನೂ ಪಕ್ಕಕ್ಕೆ ಹೋಗಿಲ್ಲವೇ ಎಂದು ಕೇಳಿದ. ಏನಂದೆ ಎಂದರು ಕ್ಯಾಪ್ಟನ್. ಆತ ಮತ್ತೆ ಕೇಳಿದ. ಹೋಗಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಆತ ಸುಮ್ಮನಾದ. ಮಂಜಿನೊಳಗಿಂದ ಎದುರಿನ ವಿಮಾನ ಕಾಣಿಸಿಕೊಂಡಾಗ ಹೊತ್ತು ಮೀರಿತ್ತು. ಕೆಎಲ್‌ಎಂ ವಿಮಾನದಲ್ಲಿದ್ದ 248 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಪ್ಯಾನ್ ಆಮ್‌ನಲ್ಲಿ 335 ಮಂದಿ ಸತ್ತು, 61 ಮಂದಿ ಬದುಕಿದರು. ವಿಮಾನಯಾನದ ಚರಿತ್ರೆಯಲ್ಲಿ ಎರಡು ವಿಮಾನ ಡಿಕ್ಕಿಯಾಗಿ ಇಷ್ಟು ಜನ ಸತ್ತದ್ದು ಹಿಂದೆ ಇಲ್ಲ, ಆಮೇಲೂ ಇಲ್ಲ.

ಈ ಭಾಗಕ್ಕೆ ಬಂದಾಗ ಮೇಷ್ಟ್ರು, "ಅಷ್ಟು ದೊಡ್ಡ ಅನುಭವಸ್ಥರಿಗೇ ಹೀಗಾಯ್ತಲ್ಲ" ಎಂದು ಮರುಗಿದರು. ನನ್ನ ಮನಸ್ಸು ನಿಲ್ಲುವುದೂ ಅಲ್ಲಿಯೇ. ಕ್ಯಾಪ್ಟನ್ ಅಜ್ಞಾನಿಯಲ್ಲ, ಕಂಟ್ರೋಲರ್ ಸೋಮಾರಿಯಲ್ಲ. ಅನುಮಾನ ಬಂದವನೂ ಅಲ್ಲೇ ಇದ್ದ, ಬಾಯಿ ಬಿಟ್ಟು ಕೇಳಿಯೂ ಕೇಳಿದ. ಅವನ ಮಾತಿಗೆ ವಿಮಾನ ನಿಲ್ಲಿಸುವಷ್ಟು ಬೆಲೆ ಆ ಕಾಕ್‌ಪಿಟ್ಟಿನಲ್ಲಿ ಇರಲಿಲ್ಲ.

ಟೆನೆರಿಫ್ ಆದ ಮೇಲೆ ನಿಯಮ ಬದಲಾಯಿತು. ಹಾರುವ ಅಪ್ಪಣೆ ಕೊಡುವಾಗ, ಅದನ್ನು ತಿರುಗಿ ಹೇಳುವಾಗ, ಕೊಟ್ಟದ್ದನ್ನು ರದ್ದು ಮಾಡುವಾಗ ಬಿಟ್ಟರೆ ಬೇರೆ ಯಾವ ಮಾತಿನಲ್ಲೂ 'ಟೇಕಾಫ್' ಎಂಬ ಪದ ಬಳಸಬಾರದು. ಉಳಿದ ಕಡೆಯೆಲ್ಲ 'ಡಿಪಾರ್ಚರ್' ಎನ್ನಬೇಕು. ಬರೀ ಓಕೆ, ರಾಜರ್ ಎಂದು ಜಾರಿಕೊಳ್ಳುವ ಹಾಗಿಲ್ಲ. ದಾರಿ, ಎತ್ತರ, ರನ್‌ವೇ, ಗುರುತಿನ ಸಂಖ್ಯೆ ಎಲ್ಲವನ್ನೂ ಕೇಳಿದ ಹಾಗೆಯೇ ತಿರುಗಿ ಹೇಳಲೇಬೇಕು. ಇವತ್ತು ನೀವು ಹತ್ತುವ ಪ್ರತಿಯೊಂದು ವಿಮಾನವೂ ಈ ನಿಯಮದಡಿ ಹಾರುತ್ತದೆ.

ಈ ತಿರುಗಿ ಹೇಳುವುದಕ್ಕೆ ರೀಡ್‌ಬ್ಯಾಕ್ ಎನ್ನುತ್ತಾರೆ. ನಮ್ಮಲ್ಲಿ ವೇದಪಾಠದ ಸಂಥೆ ನೋಡಿದವರಿಗೆ ಇದು ಹೊಸತಲ್ಲ. ಗುರು ಒಂದು ಸಲ ಹೇಳಿದ್ದನ್ನು ಶಿಷ್ಯ ಎರಡು ಸಲ ಹೇಳುತ್ತಾನೆ, ಆ ಹೊತ್ತಿನಲ್ಲಿ ಗುರುವಿನ ಕಿವಿ ಶಿಷ್ಯನ ಬಾಯಿಯ ಮೇಲೆಯೇ ಇರುತ್ತದೆ, ಒಂದು ಸ್ವರ ಜಾರಿದರೂ ಅಲ್ಲೇ ತಡೆಯುತ್ತಾನೆ. ಪುಸ್ತಕದ ಹಂಗಿಲ್ಲದೆ ಅಷ್ಟು ಶತಮಾನ ಮಂತ್ರ ಕೆಡದೆ ಉಳಿದದ್ದು ಹೇಳಿದವನ ಕಂಠದಿಂದ ಎಷ್ಟೋ, ಕೇಳಿದವನ ಕಿವಿಯಿಂದಲೂ ಅಷ್ಟೇ. ಕಂಟ್ರೋಲರ್ ಕೆಲಸವೂ ಹೇಳುವುದರಲ್ಲಿ ಮುಗಿಯುವುದಿಲ್ಲ. ಸುಬಾಂಗಿನಲ್ಲಿ ಪೈಲಟ್ ತಪ್ಪನ್ನು ತಿರುಗಿ ಹೇಳಿದ್ದ; ಆ ತಪ್ಪು ಯಾರ ಕಿವಿಗೂ ತಾಕಲಿಲ್ಲ.

ಕಿವಿಗೂ ಒಂದು ಅಭ್ಯಾಸಬಲವಿದೆ. ದಿನಾ ಅದೇ ದಾರಿಯಲ್ಲಿ ಹೋಗುವವನಿಗೆ ನಾಳೆಯೂ ಅದೇ ದಾರಿ ಸಿಕ್ಕಿತೆಂದೇ ಕೇಳಿಸುತ್ತದೆ. ಈಗ ದೊಡ್ಡ ನಿಲ್ದಾಣಗಳಲ್ಲಿ ರೂಟ್ ಕ್ಲಿಯರೆನ್ಸನ್ನು ಬಾಯಲ್ಲಿ ಹೇಳದೆ ಕಾಕ್‌ಪಿಟ್ಟಿನ ಪರದೆಗೆ ಅಕ್ಷರದಲ್ಲೇ ಕಳಿಸುವ ಏರ್ಪಾಡು ಬಂದಿದೆ. ಉಚ್ಚಾರಣೆಯ ತೊಡಕು, ಕರಕರ ಸದ್ದು ಎರಡೂ ತಪ್ಪಿದವು. ಬಹಳ ಒಳ್ಳೆಯ ಕೆಲಸ. ಆದರೆ ಕಣ್ಣಿಗೂ ಅದೇ ಅಭ್ಯಾಸಬಲ ಇದೆಯಲ್ಲ! ದಾರಿ ಬದಲಾಗಿದೆ ಎಂದು ಪರದೆಯ ಮೇಲೆ ಬಂದಿರುತ್ತದೆ. ಪೈಲಟ್ ಮೊದಲೇ ಕಂಪ್ಯೂಟರಿಗೆ ತುಂಬಿದ್ದ ಹಳೆಯ ದಾರಿಯಲ್ಲೇ ಹೋಗಿ, ತಿರುವು ಬಂದಾಗ ಕಂಟ್ರೋಲರ್ 'ಎಲ್ಲಿಗೆ ಹೊರಟಿರಿ' ಎಂದು ಕೇಳುವ ಪ್ರಸಂಗಗಳು ಅಮೆರಿಕದ ಪೈಲಟ್ಟುಗಳೇ ಬರೆದುಕೊಟ್ಟ ವರದಿಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ.

ದಾರಿಯ ಅಪ್ಪಣೆಯನ್ನೇ ತಪ್ಪಾಗಿ ತಿಳಿದ ಇನ್ನೊಂದು ದೊಡ್ಡ ದುರಂತ ಕೊಲಂಬಿಯದ ಕಾಲಿ ನಗರದ್ದು. 1995ರ ಡಿಸೆಂಬರ್ 20ರ ರಾತ್ರಿ, ಕ್ರಿಸ್‌ಮಸ್ ಹತ್ತಿರ. ಮಯಾಮಿಯಿಂದ ತಡವಾಗಿ ಹೊರಟ ಅಮೆರಿಕನ್ ಏರ್‌ಲೈನ್ಸ್ ವಿಮಾನ ಎರಡು ಬೆಟ್ಟಸಾಲುಗಳ ನಡುವಿನ ಉದ್ದನೆಯ ಕಣಿವೆಯಲ್ಲಿ ಇಳಿಯುತ್ತಿತ್ತು. ಕಾಲಿಯವರೆಗೆ ಕ್ಲಿಯರ್, ನಡುವೆ ತುಲುವಾ ಎಂಬ ಬಿಂದು ಸಿಕ್ಕಿದಾಗ ತಿಳಿಸಿ ಎಂದರು ಕಂಟ್ರೋಲರ್. ಪೈಲಟ್ಟುಗಳು ಅದನ್ನು 'ನೇರವಾಗಿ ಕಾಲಿಗೆ' ಎಂದು ತಿಳಿದು, ಹಾಗೆಯೇ ತಿರುಗಿಯೂ ಹೇಳಿದರು. ಕಂಪ್ಯೂಟರಿನಲ್ಲಿ ನೇರ ದಾರಿ ಹಾಕಿದ ಕೂಡಲೇ ನಡುವಿನ ಬಿಂದುಗಳೆಲ್ಲ ಅಳಿಸಿಹೋದವು, ತುಲುವಾ ಕೂಡ. ಆಮೇಲೆ ಅದನ್ನು ಎಷ್ಟು ಹುಡುಕಿದರೂ ಪರದೆಯ ಮೇಲೆ ಸಿಗದು. ಮುಂದಿನ ರೋಜೊ ಎಂಬ ಗುರುತಿಗಾಗಿ 'ಆರ್' ಅಕ್ಷರ ಒತ್ತಿದಾಗ ಕಂಪ್ಯೂಟರ್ ಅದೇ ಅಕ್ಷರದ ರೋಮಿಯೊ ಎಂಬ ಇನ್ನೊಂದನ್ನು ಎತ್ತಿಕೊಂಡಿತು. ಅದಿದ್ದದ್ದು ದೂರದ ಬೊಗೊಟಾ ಪಕ್ಕದಲ್ಲಿ. ವಿಮಾನ ಕತ್ತಲಲ್ಲಿ ಎಡಕ್ಕೆ ಹೊರಳಿ ಬೆಟ್ಟದ ಕಡೆ ಹೋಯಿತು. 163 ಮಂದಿಯಲ್ಲಿ ಉಳಿದವರು ನಾಲ್ವರು. ತನಿಖೆಯಲ್ಲಿ ಕಂಟ್ರೋಲರ್ ಹೇಳಿದ ಒಂದು ಮಾತು ನನ್ನನ್ನು ಬಹಳ ಕಾಡಿದೆ. ಆ ಪೈಲಟ್ಟುಗಳ ಕೋರಿಕೆ ಅವನಿಗೆ ಅರ್ಥವಿಲ್ಲದ್ದು ಎನಿಸಿತ್ತು. ಅವರು ಸ್ಪ್ಯಾನಿಷ್ ಬಲ್ಲವರಾಗಿದ್ದರೆ ಹಾಗೆಂದು ಹೇಳಿ, ಬಿಡಿಸಿ ಕೇಳುತ್ತಿದ್ದ. ಇಂಗ್ಲಿಷಿನಲ್ಲಿ ಅಷ್ಟು ಕೇಳುವ ಶಕ್ತಿ ಅವನಿಗಿರಲಿಲ್ಲ.

ನಮ್ಮ ದೇಶಕ್ಕೂ ಇಂಥ ಗಾಯವಿದೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಸೌದಿಯಾದ 747 ಏರುತ್ತಿತ್ತು, ಕಜಕಸ್ತಾನದ ಇಲ್ಯೂಷಿನ್ ವಿಮಾನ ದೆಹಲಿಗೆ ಇಳಿಯುತ್ತಿತ್ತು. ಆಗ ಹೋಗುವವರಿಗೂ ಬರುವವರಿಗೂ ಒಂದೇ ಆಕಾಶಮಾರ್ಗ. ಸೌದಿ ವಿಮಾನಕ್ಕೆ 14,000 ಅಡಿ, ಕಜಕ್ ವಿಮಾನಕ್ಕೆ 15,000 ಅಡಿ ಎಂದು ಅಪ್ಪಣೆಯಾಗಿತ್ತು. ಎದುರಿಗೆ ವಿಮಾನ ಬರುತ್ತಿದೆ ಎಂದೂ ಕಂಟ್ರೋಲರ್ ಎಚ್ಚರಿಸಿದ್ದರು, ಅದಕ್ಕೆ ಉತ್ತರವೂ ಬಂದಿತ್ತು. ಆದರೆ ಕಜಕ್ ವಿಮಾನ 15,000ದಲ್ಲಿ ನಿಲ್ಲದೆ ಇನ್ನೂ ಕೆಳಗಿಳಿದಿತ್ತು. ಅದರಲ್ಲಿ ರೇಡಿಯೊದಲ್ಲಿ ಇಂಗ್ಲಿಷ್ ಮಾತಾಡುವವನು ಒಬ್ಬ, ವಿಮಾನ ನಡೆಸುವವರು ಬೇರೆ. ಮಾತಾಡುವವನ ಮುಂದೆ ಎತ್ತರ ತೋರಿಸುವ ಮಾಪಕವೇ ಇರಲಿಲ್ಲ. ಪೈಲಟ್ಟುಗಳ ಹೆಗಲ ಮೇಲಿಂದ ಇಣುಕಿ ನೋಡಬೇಕು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ ಎರಡೂ ಡಿಕ್ಕಿಯಾದವು. 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ಆಯೋಗ ವಿಚಾರಣೆ ನಡೆಸಿತು. ಆಮೇಲೆ ದೆಹಲಿಯಲ್ಲಿ ಹೋಗುವ ದಾರಿ, ಬರುವ ದಾರಿ ಬೇರೆಬೇರೆಯಾದವು. ಎದುರಿನ ವಿಮಾನವನ್ನು ತಾನೇ ಗುರುತಿಸಿ ಎಚ್ಚರಿಸುವ ಯಂತ್ರ ಭಾರತದ ಆಕಾಶದಲ್ಲಿ ಹಾರುವ ವಿಮಾನಗಳಿಗೆ ಕಡ್ಡಾಯವಾಯಿತು.

ಭಾಷೆಯ ಮಾತೂ ಮುಂದೆ ಸರಿಯಾಯಿತು. ಬೇರೆ ದೇಶಕ್ಕೆ ಹಾರುವ ಪೈಲಟ್ಟಿಗೂ ಅವರೊಂದಿಗೆ ಮಾತಾಡುವ ಕಂಟ್ರೋಲರಿಗೂ ಇಂಗ್ಲಿಷಿನಲ್ಲಿ ಆರು ಹಂತಗಳ ಪೈಕಿ ಕನಿಷ್ಠ ನಾಲ್ಕನೆಯದು ಬರಬೇಕೆಂದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2008ರಿಂದ ನಿಯಮ ಮಾಡಿತು. ಆ ಪರೀಕ್ಷೆ ಸಿದ್ಧವಾಕ್ಯಗಳ ಬಾಯಿಪಾಠಕ್ಕೆ ನಿಲ್ಲುವುದಿಲ್ಲ. ಸಿದ್ಧವಾಕ್ಯ ಸಾಲದೆ ಹೋದಾಗ ಸರಳವಾಗಿ ಮಾತಾಡಿ, ಅನುಮಾನ ಬಂದಾಗ ಬಿಡಿಸಿ ಕೇಳಿ ತಿಳಿಯಬಲ್ಲರೇ ಎಂದು ನೋಡುತ್ತದೆ. ಕಾಲಿಯ ಕಂಟ್ರೋಲರಿಗೆ ಬೇಕಾಗಿದ್ದದ್ದು ಇದೇ. ನಮ್ಮ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ ಕಲಿಯುವ ಮಕ್ಕಳಿಗೂ ವಿಮಾನ ಎತ್ತಿ ಇಳಿಸಲು ಬಂದರೆ ಸಾಕಾಗುವುದಿಲ್ಲ. ರೇಡಿಯೊದಲ್ಲಿ ಮಾತಾಡುವುದಕ್ಕೇ ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಲೈಸೆನ್ಸು. ಮಗ ಪೈಲಟ್ ಆಗುತ್ತಾನೆ ಎಂದು ಗಣಿತ, ಭೌತಶಾಸ್ತ್ರದ ಟ್ಯೂಷನ್ನಿಗೆ ಕಳಿಸುವ ತಂದೆತಾಯಂದಿರು, ಬಿಡಿಸಿ ಮಾತಾಡುವುದನ್ನೂ ಗಮನವಿಟ್ಟು ಕೇಳುವುದನ್ನೂ ಕಲಿಸಲಿ ಎಂದು ನನ್ನ ಆಸೆ.

ಇನ್ನೊಂದು ಸಂಗತಿ ಹೇಳದೆ ಈ ಮಾತು ಪೂರ್ತಿಯಾಗದು. 1974ರ ಡಿಸೆಂಬರ್ 1ರಂದು ಟಿಡಬ್ಲ್ಯುಎ ಸಂಸ್ಥೆಯ ವಿಮಾನವೊಂದು ವಾಷಿಂಗ್ಟನ್ ಬಳಿಯ ಡಲಸ್ ನಿಲ್ದಾಣಕ್ಕೆ ಇಳಿಯುವಾಗ ವರ್ಜೀನಿಯದ ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಇಳಿಯುವ ದಾರಿಗೆ ಕ್ಲಿಯರ್ ಎಂದು ಕಂಟ್ರೋಲರ್ ಹೇಳಿದ್ದರು. ಹಾಗಾದರೆ 1,800 ಅಡಿಗೆ ಈಗಲೇ ಇಳಿಯಬಹುದು ಎಂದು ಪೈಲಟ್ಟುಗಳು ತಿಳಿದರು. ಬೆಟ್ಟ ದಾಟುವವರೆಗೆ ಎತ್ತರ ನೋಡಿಕೊಳ್ಳುವುದು ಪೈಲಟ್ಟುಗಳ ಪಾಲಿನದೆಂದು ಕಂಟ್ರೋಲರ್ ತಿಳಿದಿದ್ದರು. ಇದಕ್ಕಿಂತ ನೋವಿನ ಮಾತು ಏನೆಂದರೆ, ಸುಮಾರು ಆರು ವಾರ ಮೊದಲು ಯುನೈಟೆಡ್ ಏರ್‌ಲೈನ್ಸಿನ ಪೈಲಟ್ಟುಗಳು ಅದೇ ಜಾಗದಲ್ಲಿ, ಅದೇ ತಪ್ಪು ತಿಳಿವಳಿಕೆಯಿಂದ, ಕೂದಲೆಳೆಯಲ್ಲಿ ಪಾರಾಗಿದ್ದರು. ತಮ್ಮ ಕಂಪನಿಗೆ ತಿಳಿಸಿಯೂ ಇದ್ದರು. ಆದರೆ ಆ ಎಚ್ಚರಿಕೆ ಕಂಪನಿಯ ಗೋಡೆ ದಾಟಿ ಬೇರೆಯವರಿಗೆ ಮುಟ್ಟುವ ದಾರಿ ಅವತ್ತು ಇರಲಿಲ್ಲ.

ಆ 92 ಜೀವಗಳ ಸಾಲ ತೀರಿಸಲೆಂಬಂತೆ 1976ರಲ್ಲಿ ಅಮೆರಿಕದಲ್ಲಿ ಹೊಸ ಏರ್ಪಾಡೊಂದು ಹುಟ್ಟಿತು. ಪೈಲಟ್ಟೋ ಕಂಟ್ರೋಲರೋ ತಾನು ತಪ್ಪಿದ್ದನ್ನು, ತಪ್ಪುವುದರಲ್ಲಿದ್ದದ್ದನ್ನು ತಾನೇ ಬರೆದು ಕಳಿಸಬಹುದು. ಅದನ್ನು ನಡೆಸುವುದು ದಂಡ ಹಾಕುವ ಇಲಾಖೆಯಲ್ಲ, ಬಾಹ್ಯಾಕಾಶ ಸಂಸ್ಥೆ ನಾಸಾ. ಬರೆದವರ ಹೆಸರು ತೆಗೆದುಹಾಕಿ, ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. 'ನನಗೆ ದಾರಿ ತಪ್ಪಾಗಿ ಕೇಳಿಸಿತು' ಎಂದು ಒಬ್ಬ ಪೈಲಟ್ ಬರೆದರೆ, ಆ ತಿರುವಿನಲ್ಲಿ ಸಾವಿರ ಪೈಲಟ್ಟುಗಳು ಎಚ್ಚರವಾಗುತ್ತಾರೆ. ತಪ್ಪೊಪ್ಪಿಕೊಂಡವನನ್ನು ಬಡಿಯದೆ ಅವನ ಮಾತು ಕೇಳುವುದು ಎಂಥ ದೊಡ್ಡ ವಿವೇಕ!

ಕಾಕ್‌ಪಿಟ್ಟಿನ ಹಿರಿಕಿರಿತನದ ಬಗ್ಗೆಯೂ ಕೆಲಸ ನಡೆಯಿತು. 1979ರಲ್ಲಿ ನಾಸಾ ಕರೆದ ಒಂದು ಕಾರ್ಯಾಗಾರದಿಂದ ಶುರುವಾಗಿ, 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಸಿಬ್ಬಂದಿಗೆ ಒಟ್ಟಾಗಿ ಕೆಲಸ ಮಾಡುವ ತರಬೇತಿಯನ್ನು ಆರಂಭಿಸಿತು. ಈಗ ಜಗತ್ತಿನಾದ್ಯಂತ ಅದಿಲ್ಲದೆ ಪೈಲಟ್ ಕೆಲಸವಿಲ್ಲ. ಕಿರಿಯನಾದವನು ಅನುಮಾನ ಬಂದರೆ ಬಾಯಿ ಬಿಡಬೇಕು, ಉತ್ತರ ಸಮಾಧಾನ ಕೊಡದಿದ್ದರೆ ಮತ್ತೆ ಕೇಳಬೇಕು. ಹಿರಿಯನಾದವನು ಅದನ್ನು ಅವಮಾನವೆಂದು ತಿಳಿಯಬಾರದು. ಇಬ್ಬರಲ್ಲಿ ಒಬ್ಬನಿಗೆ ದಾರಿ ಸರಿಯಾಗಿ ಕೇಳಿಸಲಿಲ್ಲ ಎನಿಸಿದರೂ ಎಟಿಸಿಯನ್ನು ತಿರುಗಿ ಕೇಳಲೇಬೇಕು. ಅದಕ್ಕೆ 'ಸೇ ಅಗೇನ್' ಎಂಬ ಎರಡೇ ಪದಗಳ ಸಿದ್ಧವಾಕ್ಯವಿದೆ. ನನ್ನ ದೃಷ್ಟಿಯಲ್ಲಿ ವಿಮಾನಯಾನ ಜಗತ್ತಿಗೆ ಕೊಟ್ಟ ಅತ್ಯಂತ ಒಳ್ಳೆಯ ಮಾತು ಅದು.

ನಮ್ಮಲ್ಲಿ ಹಿರಿಯರನ್ನು ಎರಡನೆಯ ಸಲ ಕೇಳುವುದಕ್ಕೆ ಅಂಜುತ್ತೇವೆ. ಡಾಕ್ಟರು ಹೇಳಿದ ಮಾತ್ರೆಯ ಲೆಕ್ಕ ಅರ್ಥವಾಗದಿದ್ದರೂ ತಲೆಯಾಡಿಸಿ ಹೊರಬರುತ್ತೇವೆ, ಆಮೇಲೆ ಔಷಧಿ ಅಂಗಡಿಯವನನ್ನು ಕೇಳುತ್ತೇವೆ. ಸಾಹೇಬರು ಫೋನಿನಲ್ಲಿ ಹೇಳಿದ ಸರ್ವೆ ನಂಬರ್ ಸರಿಯಾಗಿ ಕೇಳಿಸದಿದ್ದರೂ ಗುಮಾಸ್ತ 'ಆಯ್ತು ಸಾರ್' ಅನ್ನುತ್ತಾನೆ. ವಿದ್ಯುತ್ ಕಂಬ ಹತ್ತುವ ಲೈನ್‌ಮನ್ ಲೈನ್ ಕ್ಲಿಯರ್ ತೆಗೆದುಕೊಂಡೇ ಹತ್ತಬೇಕೆಂಬ ನಿಯಮವಿದೆ. ಯಾವ ಫೀಡರ್ ಆಫ್ ಆಗಿದೆ ಎಂದು ಎರಡೂ ಕಡೆಯವರು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದು ಒಂದು ಜೀವದ ಪ್ರಶ್ನೆ. ನಮ್ಮ ರೈಲ್ವೆಯವರಿಗೆ ಇದು ಹಳೆಯ ಪಾಠ. ಲೈನ್ ಕ್ಲಿಯರ್ ಕೊಡುವಾಗ ಒಂದು ಸ್ಟೇಷನ್ ಮಾಸ್ಟರು ಇನ್ನೊಬ್ಬರಿಗೆ 'ಪ್ರೈವೇಟ್ ನಂಬರ್' ಎಂದು ಗುಟ್ಟಿನ ಸಂಖ್ಯೆಯೊಂದನ್ನು ಕೊಟ್ಟು, ಇಬ್ಬರೂ ಬರೆದಿಟ್ಟುಕೊಳ್ಳುವ ಪದ್ಧತಿ ಇವತ್ತಿಗೂ ಇದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಜೀವ, ಔಷಧಿ, ವಿದ್ಯುತ್ತು, ದಾರಿ ಇವುಗಳ ಮಾತು ಬಂದಾಗ ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಿ. ಅನುಮಾನವಿದ್ದರೆ, ಎದುರಿಗಿರುವವರು ಎಷ್ಟೇ ದೊಡ್ಡವರಾದರೂ, ಇನ್ನೊಮ್ಮೆ ಹೇಳಿ ಸ್ವಾಮಿ ಎಂದು ಕೇಳಿ. ನೀವೇ ಹಿರಿಯರಾಗಿದ್ದು, ಕಿರಿಯರೊಬ್ಬರು ಎರಡನೆಯ ಸಲ ಕೇಳಿದರೆ ಹುಬ್ಬು ಗಂಟಿಕ್ಕದೆ, ಕೈಯಲ್ಲಿರುವ ಕೆಲಸ ನಿಲ್ಲಿಸಿ, ಪೂರ್ತಿ ಉತ್ತರ ಕೊಡಿ.